ಗಡಿಗೆಯ ಮೇಲಿನ ಕಿರೀಟ

ಸೋಮವಾರ ಬೆಳಿಗ್ಗೆ ಅವಳು ಮ್ಯೂಸಿಯಮ್ಮಿನ ತನ್ನ ಕೋಣೆಗೆ ಬಂದಾಗ ಗಡಿಗೆಯ ಹೆಗಲ ಮೇಲೆ ಕಿರೀಟ ಕೂತಿತ್ತು. ಕಪ್ಪು ಬಣ್ಣದಲ್ಲಿ ಬರೆದ, ಐದು ಗರಿಯ ಕಿರೀಟ. ಶನಿವಾರ ಅಲ್ಲಿದ್ದದ್ದು ಬರೀ ತೇಪೆ.

ಅಗೆತದಲ್ಲಿ ಸಿಕ್ಕ ಚೂರುಗಳನ್ನು ಜೋಡಿಸಿ, ಸಿಗದ ಜಾಗಕ್ಕೆ ಪ್ಲಾಸ್ಟರ್ ತುಂಬಿ, ಅದರ ಬಣ್ಣವನ್ನು ಹಳೆಯ ಮಣ್ಣಿಗಿಂತ ತುಸು ತಿಳಿಯಾಗಿಯೇ ಬಿಡುವುದು ಅವಳ ಕೆಲಸದ ಕ್ರಮ. ಸಿಕ್ಕಿದ್ದು ಯಾವುದು, ನಾವು ಸೇರಿಸಿದ್ದು ಯಾವುದು ಎಂಬುದು ನೋಡುವವರ ಕಣ್ಣಿಗೆ ಬೀಳಬೇಕು. ಈಗ ತೇಪೆಗೂ ಗಡಿಗೆಯದೇ ಕೆಂಪು ಬಳಿದಿದ್ದರು. ಎಲ್ಲಿ ಸೇರಿದೆಯೆಂದು ಅವಳಿಗೇ ಬೆರಳಿಂದ ತಡವಿ ನೋಡಬೇಕಾಯಿತು.

"ಬೋರ್ಡ್ ಬರೆಯೋನ ಕೈಲಿ ಬರೆಸಿದೆ," ಎಂದರು ಬಾಗಿಲಲ್ಲಿ ನಿಂತ ಮ್ಯೂಸಿಯಮ್ಮಿನ ನಿರ್ದೇಶಕರು. "ಕಳೆ ಬಂತು ನೋಡಮ್ಮ ಈಗ."

"ಅಲ್ಲಿ ಏನೂ ಇರಲಿಲ್ಲ ಸರ್."

"ಇರಲಿಲ್ಲ ಅಂತ ಹೇಗೆ ಹೇಳ್ತೀಯ? ಆ ಚೂರು ಸಿಗಲಿಲ್ಲ, ಅಷ್ಟೇ. ರಾಜನ ಊರಲ್ಲಿ ಕಿರೀಟ ಇಲ್ಲದೆ ಮಂಕಿ ಟೋಪಿ ಇರುತ್ತಾ?"

ಶಾಪ ತಗುಲಿ ಒಂದೇ ರಾತ್ರಿಯಲ್ಲಿ ಮರಳಿನಡಿ ಹೂತುಹೋದ ಬಂಗಾರದ ನಗರ. ಈ ಕತೆ ಊರಿನ ಮಕ್ಕಳಿಗೆಲ್ಲ ಬಾಯಿಪಾಠ. ಅವಳ ಗಂಡ ವರ್ಷಗಟ್ಟಲೆ ಅಗೆದದ್ದು ಆ ನಗರವಿತ್ತೆನ್ನುವ ಜಾಗದಲ್ಲೇ. ಸಿಕ್ಕಿದ್ದು ಒಲೆ, ಚರಂಡಿ, ಕುಂಬಾರರ ಆವಿಗೆ, ಕಾಳು ತುಂಬಿಡುವ ಇಂಥ ಗಡಿಗೆಗಳು. "ಅರಮನೆ ಸಿಗಲಿಲ್ಲ ಅಂತ ಎಲ್ರಿಗೂ ಬೇಜಾರು. ಇಷ್ಟು ಮನೆ ಸಿಕ್ತಲ್ಲ, ಅದಕ್ಕೆ ಯಾರಿಗೂ ಖುಷಿ ಇಲ್ಲ," ಎಂದು ನಗುತ್ತಿದ್ದ. ಹೋದ ವರ್ಷ ಅವನು ಅಗೆಯುತ್ತಿದ್ದ ಗುಂಡಿಯ ಗೋಡೆ ಕುಸಿದು ಅವನ ಮೇಲೆ ಬಿತ್ತು.

"ಹೊಸ ಹಾಲ್‌ಗೆ ಅವನ ಹೆಸರೇ ಇಡ್ತಿದೀವಿ," ಎಂದರು ನಿರ್ದೇಶಕರು. "ಬಂಗಾರದ ನಗರ ಕಂಡುಹಿಡಿದವನು ಅಂತ. ನಿಮ್ಮ ಅತ್ತೆಗೆ ಫೋನ್ ಮಾಡಿದ್ದೆ. ಪಾಪ, ಅತ್ತೇಬಿಟ್ರು. ಈಗ ಬರ್ತಾರೆ ನೋಡೋಕೆ."

ಅತ್ತೆ ಬಂದರು. ಮೊದಲು ಹಾಲ್‌ಗೆ ಹೋಗಿ, ಬಾಗಿಲ ಮೇಲಿನ ಫಲಕ ನೋಡಿಕೊಂಡು, ಆಮೇಲೆ ಸೊಸೆಯ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು.

"ಎಷ್ಟು ದೊಡ್ಡಕ್ಷರದಲ್ಲಿ ಬರೆದಿದಾರೆ ಕಣೆ. ಕನ್ನಡಕ ಇಲ್ದೆನೇ ಓದಿದೆ."

"ಅವರು ಅಂಥದ್ದೇನೂ ಕಂಡುಹಿಡೀಲಿಲ್ಲ ಅತ್ತೆ. ಇದು ಸುಳ್ಳು."

"ಇರಲಿ ಬಿಡು. ಹೆಸರಾದ್ರೂ ಉಳಿಯುತ್ತೆ. ಒಂದು ಮಗುವಾದ್ರೂ ಇದ್ದಿದ್ರೆ ಬೇರೆ ಮಾತು. ನಾವಿಬ್ಬರೂ ಹೋದ್ಮೇಲೆ ಅವನ ಹೆಸರು ಹೇಳೋರು ಯಾರಿದಾರೆ?"

ಬಾಗಿಲಲ್ಲೇ ನಿಂತಿದ್ದ ನಿರ್ದೇಶಕರು ಹೌದೆಂಬಂತೆ ಮೆಲ್ಲಗೆ ತಲೆಯಾಡಿಸಿದರು. ಅದನ್ನು ಕಂಡದ್ದೇ ಅವಳು ಅತ್ತೆಯ ಕಡೆ ತಿರುಗಿ, ವರ್ಷದಿಂದ ನುಂಗಿಕೊಂಡಿದ್ದನ್ನು ಹೇಳಿಬಿಟ್ಟಳು.

"ಗುಂಡಿ ಗೋಡೆ ಬಿರುಕು ಬಿಟ್ಟಿದೆ, ಆಸರೆಗೆ ಹಲಗೆ ಕೊಡಿ ಅಂತ ಅವರು ಎಷ್ಟು ಸಲ ಕೇಳಿದ್ರು ಗೊತ್ತಾ ಅತ್ತೆ? ಆಗ ಇವರಿಗೆ ಕಿವಿ ಇರಲಿಲ್ಲ. ಈಗ ಸತ್ತವರ ನಾಲಿಗೆ ಬೇಕಂತೆ, ತಮ್ಮ ಮಾತು ಆಡಿಸೋಕೆ."

"ಬಾಯಿಗೆ ಬಂದ ಹಾಗೆ ಮಾತಾಡಬೇಡ," ಎಂದರು ನಿರ್ದೇಶಕರು.

ಅವಳು ಸಣ್ಣ ಉಳಿ ತೆಗೆದುಕೊಂಡಳು. ಬಣ್ಣ ಅಳಿಸಿದರೆ ನಾಳೆ ಮತ್ತೆ ಬಳಿಯುತ್ತಾರೆ; ತೇಪೆಯನ್ನೇ ತೆಗೆಯಬೇಕು. ಬೆರಳಿಂದ ಸಂದು ಹುಡುಕಿ ಉಳಿಯ ಮೊನೆಯಿಟ್ಟು ತಟ್ಟಿದಳು. ಸಿಟ್ಟಿದ್ದರೂ ಕೈ ತಪ್ಪಲಿಲ್ಲ. ಹಳೆಯ ಮಣ್ಣಿನ ಒಂದು ಕಣವೂ ಉದುರಲಿಲ್ಲ.

"ಅದು ಬಿದ್ರೆ ಫಲಕನೂ ಇಳಿಯುತ್ತೆ. ನಾಳೆಯಿಂದ ನೀನು ಬರೋದೂ ಬೇಡ. ನೀವಾದ್ರೂ ಹೇಳೀಮ್ಮ ನಿಮ್ಮ ಸೊಸೆಗೆ."

ಅತ್ತೆ ಸೊಸೆಯನ್ನು ಬಿಟ್ಟು ನಿರ್ದೇಶಕರ ಮುಖವನ್ನೇ ನೋಡುತ್ತಿದ್ದರು.

"ಹಲಗೆ ಕೇಳಿದ್ನಾ ಅವನು?" ಎಂದರು ಕೊನೆಗೆ.

ನಿರ್ದೇಶಕರು ಗಡಿಯಾರ ನೋಡಿಕೊಂಡು, ಯಾರನ್ನೋ ಕರೆಯುತ್ತ ಹೊರಟುಹೋದರು.

ಕಿರೀಟವಿದ್ದ ತೇಪೆ ಇಡಿಯಾಗಿ ಕಳಚಿ ಮೇಜಿನ ಮೇಲೆ ಬಿತ್ತು. ಅದಿದ್ದ ಜಾಗದಲ್ಲಿ ಅಂಗೈಯಗಲದ ತೂತು. ಅತ್ತೆ ಎದ್ದು ಬಂದು ಬಳೆ ಹಿಂದಕ್ಕೆ ಸರಿಸಿಕೊಂಡು ಅದರೊಳಗೆ ಕೈಯಿಳಿಸಿದರು. ಹೊರಗೆ ನುಣುಪಾಗಿದ್ದ ಗಡಿಗೆ ಒಳಗೆ ಒರಟಾಗಿತ್ತು. ಅಂದು ಮಣ್ಣು ತಟ್ಟಿದ ಕುಂಬಾರರ ಬೆರಳಿನ ಗುರುತುಗಳು ಹಾಗೇ ಉಳಿದಿದ್ದವು. ಅವರು ಕಣ್ಣುಮುಚ್ಚಿ, ಒಂದೊಂದೇ ಗುರುತಿನೊಳಗೆ ತಮ್ಮ ಬೆರಳು ಕೂರಿಸಿ ನೋಡುತ್ತ ನಿಂತರು.