ಪರದೇಶದ ನಂಬರ್

ಅವ್ವ ಕಠ್ಮಂಡುವಿಗೆ ಹೋಗುತ್ತೇನೆಂದಾಗ ವಿಜಯಶ್ರೀ ಬೇಡವೆನ್ನಲಿಲ್ಲ. ಆದರೆ ಹೊರಡುವ ದಿನ ಹತ್ತಿರ ಬಂದಂತೆ ರಾಯಚೂರಿನಿಂದ ದಿನವೂ ಫೋನಿನಲ್ಲಿ ಪಾಠ ಹೇಳಿದಳು. ಗೊತ್ತಿಲ್ಲದ ನಂಬರು ಎತ್ತಬೇಡ. ಯಾರು ಕೇಳಿದರೂ ಓಟಿಪಿ ಹೇಳಬೇಡ. ಅಲ್ಲಿ ಹೊಸ ಸಿಮ್ಮು ಗಿಮ್ಮು ಕೊಳ್ಳಬೇಡ, ಪರದೇಶದಲ್ಲಿ ನಡೆಯುವ ಪ್ಯಾಕು ನಾನೇ ಹಾಕಿದ್ದೇನೆ.

ಅವ್ವ ಶರಣಮ್ಮ ದೇವದುರ್ಗದ ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಅದೇ ಖಾನಾವಳಿಯಿಂದ ಮಗಳನ್ನು ಓದಿಸಿದಳು. ಹುಟ್ಟಿದಾಗಿನಿಂದ ಶ್ರೀಶೈಲದಾಚೆ ಕಾಲಿಟ್ಟವಳಲ್ಲ. ಮಾನ್ವಿಯ ಕೊಟ್ರೇಶ ಪಶುಪತಿನಾಥನ ಯಾತ್ರೆಗೆ ತಂಡ ಕಟ್ಟಿದ್ದು ತಿಳಿದು, ರೊಟ್ಟಿಯ ಕಲ್ಲನ್ನು ಖಾನಾವಳಿಯಲ್ಲಿ ಕೆಲಸಕ್ಕಿದ್ದ ಯಮನಮ್ಮನಿಗೆ ಒಪ್ಪಿಸಿ, ತನ್ನ ಬಟನ್ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು ವಿಮಾನ ಹತ್ತಿದ್ದಳು.

ತಂಡ ಕಠ್ಮಂಡುವಿನಲ್ಲಿ ಇಳಿಯಬೇಕಿದ್ದ ಬೆಳಿಗ್ಗೆ ವಿಜಯಶ್ರೀ ಎಂದಿನಂತೆ ಬ್ಯಾಂಕಿಗೆ ಬಂದಳು. ಅದೊಂದು ಸಣ್ಣ ಸಹಕಾರಿ ಬ್ಯಾಂಕು. ಫೋನಿನಲ್ಲಿ ಮೋಸಹೋದವರು ಬಂದು ಅಳುವುದು ಅವಳ ಕೌಂಟರಿನ ಮುಂದೆಯೇ. ಹೋದ ತಿಂಗಳು ನಿವೃತ್ತ ಮಾಸ್ತರರೊಬ್ಬರು ಪರದೇಶದ ಕರೆಯೊಂದನ್ನು ಎತ್ತಿ, ಹೆದರಿ, ಇದ್ದಬದ್ದದ್ದೆಲ್ಲ ಕಳಿಸಿ, ಅವಳೆದುರು ಕೂತು ಪಾಸ್‌ಬುಕ್ಕನ್ನು ಮತ್ತೆ ಮತ್ತೆ ತಿರುವಿದ್ದರು. ಅಂದಿನಿಂದ ಅವಳಿಗೆ ಪರದೇಶದ ನಂಬರು ಕಂಡರೆ ಮೈ ಉರಿಯುತ್ತಿತ್ತು. ಹಾಗಾಗಿ ಶಟರ್ ಎತ್ತಿ ಇನ್ನೂ ಕುರ್ಚಿಗೆ ಕೂರುವ ಮುಂಚೆ ಗುರುತಿಲ್ಲದ, ಉದ್ದನೆಯ ನಂಬರಿನಿಂದ ಫೋನು ಬಂದಾಗ ಅವಳು ಕಟ್ ಮಾಡಿದಳು. ಮತ್ತೆ ಬಂತು. ಮತ್ತೆ ಕಟ್ ಮಾಡಿದಳು. ಮೂರನೆಯ ಸಲ ಬಂದಾಗ ಬ್ಲಾಕ್ ಮಾಡಿ, ಪಕ್ಕದ ಕೌಂಟರಿನ ತಹಸೀನಳಿಗೆ, "ನೋಡಬೇ, ಮುಂಜಾನಿ ಮುಂಜಾನಿ ಶುರು ಹಚ್ಚಿಕೊಂಡಾರ" ಎಂದಳು.

ಮಧ್ಯಾಹ್ನ ಹತ್ತಿರವಾದರೂ ಅವ್ವನ ಫೋನು ಬರಲಿಲ್ಲ. ತಾನೇ ಮಾಡಿದರೆ 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂದಿತು. ಕೊಟ್ರೇಶನ ಫೋನು ಸ್ವಿಚ್ ಆಫ್. ಪ್ಯಾಕಿನ ಗತಿ ಏನಾಯಿತೆಂದು ಕಂಪನಿಗೆ ಫೋನು ಮಾಡಿದಳು. ಕನ್ನಡಕ್ಕಾಗಿ ಒಂದನ್ನು ಒತ್ತಿ ಎಂದಿತು. ಒತ್ತಿದಳು. ಹಾಡು ಬಂತು. ಬಹಳ ಹೊತ್ತಿನ ಮೇಲೆ ಒಬ್ಬ ಹುಡುಗಿ ಹಿಂದಿಯಲ್ಲಿ, ಪ್ಯಾಕ್ ಆಕ್ಟಿವ್ ಇದೆ ಮೇಡಂ, ಗ್ರಾಹಕರು ತಮ್ಮ ಫೋನಿನ ಸೆಟ್ಟಿಂಗಿನಲ್ಲಿ ರೋಮಿಂಗ್ ಆನ್ ಮಾಡಿಕೊಳ್ಳಬೇಕು ಎಂದಳು.

"ಅವರಿಗೆ ಹೇಳೋಣಂದ್ರ ಅವರ ಫೋನೇ ಹತ್ತವಲ್ದಲ್ಲ. ಹ್ಯಾಂಗ ಹೇಳಲಿ?" ವಿಜಯಶ್ರೀ ಕನ್ನಡದಲ್ಲೇ ಕೇಳಿದಳು.

"ಇನ್ನೇನಾದರೂ ಸಹಾಯ ಬೇಕೇ?" ಎಂದಳು ಹುಡುಗಿ.

ಅರ್ಧ ದಿನ ರಜೆ ಬರೆದುಕೊಟ್ಟು ವಿಜಯಶ್ರೀ ಮಾನ್ವಿಯ ಬಸ್ ಹತ್ತಿದಳು. ಕೊಟ್ರೇಶನ ಯಾತ್ರೆಯ ಆಫೀಸೆಂದರೆ ಪೈಪು, ಮೋಟರು ಮಾರುವ ಅಂಗಡಿಯ ಒಂದು ಮೂಲೆ. ಅಲ್ಲಿ ಅವನ ಅಣ್ಣ ಈರಯ್ಯ ಕೂತಿದ್ದ. ಅವಳ ಹೆಸರು ಕೇಳಿದೊಡನೆ ಅವನ ಮುಖ ಸಣ್ಣಗಾಯಿತು.

"ಬರ್ರಿ ಅಕ್ಕಾರ, ಕೂಡ್ರಿ. ಚಾ ಹೇಳ್ಲೇನು?"

"ಚಾ ಬ್ಯಾಡ್ರಿ. ನಮ್ಮವ್ವ ಎಲ್ಲಿ ಅದಾಳ?"

ಈರಯ್ಯ ಮೇಜಿನ ಮೇಲಿನ ಧೂಳು ಒರೆಸಿದ. "ಹೋಟೆಲಿನ ಫೋನಿಂದ ತಮ್ಮ ಮಾತಾಡಿದ್ದ. ಎಲ್ಲಾರೂ ಅರಾಮ ಇಳದಾರ್ರಿ. ಅಮ್ಮಾರು ಒಬ್ಬರು ಮಾತ್ರ ಬಸ್ಸಿನ್ಯಾಗ ಬಂದಿಲ್ಲಂತ. ಅವರ ಬ್ಯಾಗ್ ಬರೋದು ತಡ ಆತಂತ. ಇವ ತಲಿ ಎಣಿಸ್ಯಾನ, ಡ್ರೈವರನ್ನೂ ಸೇರಿಸಿ ಎಣಿಸಿಬಿಟ್ಟಾನ. ವಾಪಸ್ ಏರ್‌ಪೋರ್ಟಿಗೆ ಹೋಗಿ ನೋಡಿದ್ರ ಅವರು ಅಲ್ಲಿ ಇಲ್ರಿ. ಆಮ್ಯಾಲೆ ಅವನ ಫೋನೂ ಬಂದಿಲ್ಲ."

ವಿಜಯಶ್ರೀ ಕುರ್ಚಿಯಿಂದ ಎದ್ದಳು. "ಇಲ್ಲ ಅಂದ್ರ ಏನ್ರಿ? ನಮ್ಮವ್ವ ಏನು ಛತ್ರಿ ಅದಾಳೇನು, ಬಿಟ್ಟು ಬರಾಕ? ಮುಂಜಾನಿ ಆಗಿದ್ದು ಈಗ ಹೇಳಾಕತ್ತೀರಿ. ನನಗ ಒಂದು ಫೋನ್ ಮಾಡಾಕ ಆಗಲಿಲ್ಲೇನು?"

"ಸಿಗ್ತಾರ, ಸಿಕ್ಕ ಮ್ಯಾಲೆ ಹೇಳಿದ್ರಾತು ಅಂತ ಸುಮ್ಮನಿದ್ದೆ. ಸುಮ್ಮನ ನಿಮಗ್ಯಾಕ ಗಾಬರಿ." ಹೋಟೆಲಿನ ನಂಬರಿಗೆ ಅವನು ಅವಳೆದುರೇ ಫೋನು ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. "ಸಂಜೀತನಕ ಸಿಗಲಿಲ್ಲಂದ್ರ ಅಲ್ಲಿ ಪೊಲೀಸಿಗೆ ಹೇಳ್ತಾನಂತ. ಅವರದೊಂದು ಫೋಟೋ, ವೋಟರ್ ಕಾರ್ಡಿನ ಝೆರಾಕ್ಸ್ ಬೇಕಾಗಬಹುದು."

ಅವೆರಡೂ ದೇವದುರ್ಗದ ಖಾನಾವಳಿಯ ಹಿಂದಿನ ಕೋಣೆಯ ಟ್ರಂಕಿನಲ್ಲಿದ್ದವು. ಯಮನಮ್ಮನಿಗೆ ಫೋನು ಮಾಡಿ ತೆಗೆದಿಡಲು ಹೇಳಬಹುದಿತ್ತು. ಆದರೆ ಅವಳಿಗೆ ಹೇಳಿದರೆ ಊಟಕ್ಕೆ ಬಂದವರಿಗೆಲ್ಲ ಗೊತ್ತಾಗುತ್ತದೆ, ಸಂಜೆಯೊಳಗೆ ದೇವದುರ್ಗಕ್ಕೆ ದೇವದುರ್ಗವೇ ಬಾಗಿಲಲ್ಲಿ ನಿಲ್ಲುತ್ತದೆ ಎಂದು ವಿಜಯಶ್ರೀ ಸುಮ್ಮನಾದಳು. ಬಸ್ಸಿಗೆ ಕಾದು ಕಾದು ಸಾಕಾಗಿ, ಬಂದ ಟಂಟಂ ಆಟೋ ಹತ್ತಿ ಸಿರವಾರಕ್ಕೆ ಹೋಗಿ, ಅಲ್ಲಿಂದ ಕಿಕ್ಕಿರಿದ ಬಸ್ಸಿನಲ್ಲಿ ನಿಂತುಕೊಂಡೇ ಹೊರಟಳು. ದಾರಿಯುದ್ದಕ್ಕೂ ಹತ್ತಿಯ ಹೊಲಗಳು, ಕಾಲುವೆ, ಮತ್ತೆ ಹೊಲ. ಒಂದು ಕೈಯಲ್ಲಿ ಸರಳು ಹಿಡಿದು ಇನ್ನೊಂದರಲ್ಲಿ ಅವ್ವನ ನಂಬರು ಒತ್ತುತ್ತಲೇ ಇದ್ದಳು. ಪ್ರತಿಸಲವೂ ಅದೇ ಹೆಣ್ಣುದನಿ, ಅದೇ ವ್ಯಾಪ್ತಿ ಪ್ರದೇಶ. ಹೋಗಬೇಡವೆಂದು ಹಟ ಹಿಡಿಯಬೇಕಿತ್ತು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಅವ್ವ ತನಗಾಗಿ ಏನನ್ನಾದರೂ ಬೇಕೆಂದು ಕೇಳಿದ್ದು ಇದೇ ಮೊದಲು.

ಖಾನಾವಳಿಯಲ್ಲಿ ಊಟದ ಗದ್ದಲ ಮುಗಿದಿತ್ತು. ಯಮನಮ್ಮ ಒಲೆಯ ಮುಂದೆ ಕೂತು ಸಂಜೆಯ ರೊಟ್ಟಿ ಬಡಿಯುತ್ತಿದ್ದಳು. ವಿಜಯಶ್ರೀಯನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಬಂದೇನವ್ವಾ? ಬಾ. ನಿಮ್ಮವ್ವಾರು ನಿನ್ನ ಮ್ಯಾಲೆ ಭಾಳ ಸಿಟ್ಟಿಗೆದ್ದಾರ ನೋಡು."

ವಿಜಯಶ್ರೀ ಹೊಸ್ತಿಲಲ್ಲೇ ನಿಂತಳು. "ಯಮನಕ್ಕ, ಏನಂದಿ? ಅವ್ವ ನಿನಗ ಫೋನ್ ಮಾಡಿದ್ಲಾ?"

"ಮುಂಜಾನೇನ ಮಾಡಿದ್ರಲ್ಲ. ಅಲ್ಲಿದು ಹೊಸಾ ಸಿಮ್ ತಗೊಂಡಾರಂತ. ನಿನಗ ಮಾಡಿದ್ರ ಕಟ್ ಮಾಡಿದೆಂತ, ಆಮ್ಯಾಲೆ ಹತ್ತಲೇ ಇಲ್ಲಂತ. ಬ್ಯಾಂಕಿನ್ಯಾಗ ಕೆಲಸ ಇರತೈತಿ ಬಿಡ್ರಿ ಅಂದೆ."

"ಸಿಮ್ ಬದಲಿಸಿದ್ರ ಹಳೇ ನಂಬರ್ ಇರಂಗಿಲ್ಲ, ನಿನ್ನ ನಂಬರ್ ಆಕಿಗೆ ಹ್ಯಾಂಗ ನೆನಪಿತ್ತು?"

"ನನಗೆಲ್ಲಿ ಓದಾಕ ಬರತೈತಿ? ತಿಂಗಳ ತಿಂಗಳ ನನ್ನ ರೀಚಾರ್ಜ್ ಅವರೇ ಮಾಡಿಸ್ತಾರಲ್ಲ, ಅಂಗಡ್ಯಾಗ ನಂಬರ್ ಹೇಳಿ ಹೇಳಿ ಬಾಯಿಪಾಠ ಆಗೈತಿ. ನಾನೂ ಯಾರ ಫೋನ್ ಬಂದ್ರೂ ಎತ್ತತೀನಿ. ಯಾವ ನಂಬರ್ ಅಂತ ನನಗೇನು ತಿಳಿತೈತಿ."

ಬಾಕಿ ಕಥೆಯನ್ನೂ ಅವಳೇ ಹೇಳಿದಳು. ಹೋಟೆಲಿನ ಹೆಸರು ಶರಣಮ್ಮನಿಗೆ ಮರೆತಿತ್ತು. ಯಮನಮ್ಮ ಪಕ್ಕದ ಮೊಬೈಲ್ ಅಂಗಡಿಯ ಮತೀನನನ್ನು ಕರೆದಳು. ಅವನು ಗೋಡೆಗೆ ಅಂಟಿಸಿದ್ದ ಯಾತ್ರೆಯ ಪೋಸ್ಟರ್ ನೋಡಿ ಹೆಸರು ಓದಿ ಹೇಳಿದ. ಖಾನಾವಳಿಗೆ ಬರುವವರ ಜೊತೆ ಆಡಿ ಆಡಿ ಕಲಿತ ದಖನಿ ಉರ್ದುವಿನಲ್ಲೇ ಶರಣಮ್ಮ ಟ್ಯಾಕ್ಸಿಯವನಿಗೆ ಆ ಹೆಸರು ಹೇಳಿ ಹೋಟೆಲಿಗೆ ಹೋಗಿದ್ದಳು.

ವಿಜಯಶ್ರೀ ಬೆಂಚಿನ ಮೇಲೆ ಕೂತಳು. ಬೆಳಿಗ್ಗೆ ಬ್ಲಾಕ್ ಮಾಡಿದ ನಂಬರನ್ನು ಹುಡುಕಿ ತೆರೆದು, ಅದಕ್ಕೆ ಫೋನು ಹಚ್ಚಿದಳು. 'ನಿಮ್ಮ ಸಂಖ್ಯೆಯಲ್ಲಿ ಈ ಸೌಲಭ್ಯವಿಲ್ಲ' ಎಂದಿತು. ಇಲ್ಲಿಂದ ಪರದೇಶಕ್ಕೆ ಮಾಡಲು ಬೇರೆಯದೇ ಪ್ಯಾಕು ಬೇಕಂತೆ. ಮತೀನ ಬಂದು ಹಾಕಲು ನೋಡಿದ. ಸರ್ವರ್ ಡೌನ್. ಅವ್ವ ತಾನಾಗಿ ಮಾಡುವವರೆಗೆ ಕಾಯುವುದೊಂದೇ ಉಳಿಯಿತು.

"ನನಗೊಂದು ಫೋನ್ ಮಾಡಬಾರದಿತ್ತಾ ಯಮನಕ್ಕ?" ಎಂದಳು ವಿಜಯಶ್ರೀ. "ರಾಯಚೂರಿಂದ ಮಾನ್ವಿ, ಮಾನ್ವಿಯಿಂದ ಇಲ್ಲಿತನಕ ಜೀವ ಕೈಯಾಗ ಹಿಡಕೊಂಡು ಬಂದೀನಿ."

"ನೀನು ಮಾಡಬೇಕಿತ್ತಲ್ಲ ನನಗ," ಎಂದಳು ಯಮನಮ್ಮ. ಅದರಲ್ಲಿ ಕುಹಕವೇನೂ ಇರಲಿಲ್ಲ. ಯಮನಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ವಿಜಯಶ್ರೀಗೆ ಆಗ ನೆನಪಾಯಿತು.

ಹೊತ್ತು ಮುಳುಗುವ ಮುಂಚೆ ಫೋನು ಬಂತು. ಬೆಳಗಿನದೇ ನಂಬರು.

"ಯವ್ವಾ, ಎಲ್ಲಿದ್ದಿ? ಅರಾಮ ಅದಿ?"

"ಈಗ ಕೇಳಾಕತ್ತಿಯೇನು?" ಶರಣಮ್ಮನ ದನಿ ದೂರದಿಂದ ಬಂದರೂ ಬಿಸಿಯಾಗಿಯೇ ಇತ್ತು. "ಹೊರಗ ಬಂದ್ರ ಮಂದಿ ಹೆಸರು ಬರದ ಹಲಗಿ ಹಿಡಕೊಂಡು ನಿಂತಾರ. ಎಲ್ಲಾರ ಹೆಸರೂ ಅವ, ನನ್ನದಿಲ್ಲ. ಫೋನ್ ಕಲ್ಲಾಗಿ ಕುಂತದ. ಅಲ್ಲೇ ಸಿಮ್ ಮಾರೋ ಹುಡುಗಿ ನನ್ನ ಫೋಟೋ ತೆಗೆದು, ಕಾರ್ಡ್ ನೋಡಿ, ಹೊಸದು ಹಾಕಿ ಕೊಟ್ಲು. ಮೊದಲ ಯಾರಿಗೆ ಮಾಡ್ತೀನಿ? ಹೆತ್ತ ಮಗಳಿಗೆ. ನೀನು ಕಟ್ ಮಾಡಿದಿ. ಆ ಹುಡುಗಿ ಮುಂದ ನನಗ ನಾಚಿಕಿ ಆತು. ಮಗಳು ಎತ್ತವಲ್ಲಳು ಅಂತ ಹ್ಯಾಂಗ ಹೇಳಲಿ."

"ಮೋಸದವರು ಅನ್ಕೊಂಡೆ ಬೇ. ನಿನಗ ಸಿಮ್ ತಗೋಬ್ಯಾಡ ಅಂದಿದ್ನಲ್ಲ."

"ತಗೊಳ್ದಿದ್ರ ಇನ್ನೂ ಅಲ್ಲೇ ನಿಂತಿರ್ತಿದ್ದೆ."

ವಿಜಯಶ್ರೀ ಬಾಗಿಲಾಚೆ ನೋಡಿದಳು. ರಾಯಚೂರಿನ ಬಸ್ಸು ಹೊರಡಲು ಹಾರ್ನ್ ಹೊಡೆಯುತ್ತಿತ್ತು. "ತಪ್ಪಾತು ಯವ್ವಾ," ಎಂದಳು.

ಆ ಕಡೆ ಗದ್ದಲ, ಗಂಟೆಯ ಸದ್ದು, ಯಾರೋ ನಕ್ಕದ್ದು. ಅದರ ನಡುವೆಯೇ ಶರಣಮ್ಮ, "ಆತು. ಯಮನವ್ವನ ಕೈಯಾಗ ಕೊಡು. ನಾಳಿ ಸಂತಿ ಅದ, ಹಿಟ್ಟು ಬೀಸಿಸ್ಯಾಳೋ ಇಲ್ಲೋ ಕೇಳಬೇಕು" ಎಂದಳು.

ಯಮನಮ್ಮ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನು ಕಿವಿಗಿಟ್ಟಳು. ಹಿಟ್ಟಿನ ಮಾತಾಯಿತು, ಮೊಸರಿನ ಮಾತಾಯಿತು, ಅಲ್ಲಿಯ ಚಳಿಯ ಮಾತಾಯಿತು. ಮರುದಿನ ತಂಡದ ಇಬ್ಬರು ಹೆಂಗಸರೊಡನೆ ಗುಡ್ಡ ಏರಿ ಹಿಮ ನೋಡಲು ಹೊರಟಿರುವ ಸುದ್ದಿಯೂ ಬಂತು. ಕೊಟ್ರೇಶನಿಗೆ ಬೈದದ್ದನ್ನು ಕೇಳಿ ಯಮನಮ್ಮ ಬಿದ್ದು ಬಿದ್ದು ನಕ್ಕಳು. ವಿಜಯಶ್ರೀ ಕೈ ಚಾಚಿ ಪಕ್ಕದಲ್ಲೇ ನಿಂತಿದ್ದಳು. ಕೇಳಬೇಕಾದದ್ದು ಇನ್ನೂ ಎಷ್ಟೋ ಇತ್ತು: ರಾತ್ರಿ ಹೊದೆಯಲು ಏನಿದೆ, ಬಿಪಿ ಗುಳಿಗೆ ತೆಗೆದುಕೊಂಡಳೋ, ಬ್ಯಾಗು ಸಿಕ್ಕಿತೋ.

ಯಮನಮ್ಮ ಫೋನನ್ನು ಕಿವಿಯಿಂದ ತೆಗೆದು ನೋಡಿದಳು.

"ಕಟ್ಟಾತವ್ವಾ. ಬ್ಯಾಲೆನ್ಸ್ ಮುಗಿಯಾಕ ಬಂದೈತಿ ಅಂದಿದ್ರು."

ವಿಜಯಶ್ರೀ ಫೋನು ಇಸಿದುಕೊಂಡು ಆ ನಂಬರನ್ನು 'ಅವ್ವ ನೇಪಾಳ' ಎಂದು ಬರೆದಿಟ್ಟಳು. ಹೊರಗೆ ರಾಯಚೂರಿನ ಬಸ್ಸು ಹೋಗಿಯಾಗಿತ್ತು.