ನೂರ ಅರವತ್ತನಾಲ್ಕು ಹಲ್ಲು

ಕೀಲಿ ತಿರುವಿದ್ದೇ ತಡ, ಸ್ಟಾರ್ಟರ್ ಕರ್ರೆಂದು ಕಿರುಚಿತು. ಬದರಿ ಥಟ್ಟನೆ ಕೈ ತೆಗೆದ. ಸಮರ್‌ಸೆಟ್‌ನ ಈ ಗ್ಯಾರೇಜಿನಲ್ಲಿ ಆರು ವರ್ಷ ಒಂದೊಂದೇ ನಟ್ಟು ಬಿಗಿದು ಎಬ್ಬಿಸಿದ ಅರವತ್ತೆಂಟನೇ ಇಸವಿಯ ಮಸ್ಟ್ಯಾಂಗ್ ಕಾರು. ಹೊತ್ತಿಕೊಳ್ಳುವ ಬದಲು ಹಲ್ಲು ಕಡಿಯುತ್ತಿತ್ತು. ಮನೆ ಮಾರಿಯಾಗಿತ್ತು. ಸೋಮವಾರ ಫೋರ್ಟ್ ಲೀಯ ಹದಿನೇಳನೇ ಮಹಡಿಯ ಫ್ಲ್ಯಾಟಿಗೆ ಹೊರಡಬೇಕು, ಅಲ್ಲಿ ಗ್ಯಾರೇಜಿಲ್ಲ. ಹೆಂಡತಿ ನಂದಿತಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಓಡೋ ಗಾಡಿ ಆದ್ರ ಜಾನ್ವಿ ಮನ್ಯಾಗ ಇರ್ಲಿ. ಓಡದ್ದನ್ನ ಮಗಳ ತಲಿಗೆ ಕಟ್ಟಬ್ಯಾಡ್ರಿ." ಓಡದಿದ್ದರೆ, ಬಿಡಿಭಾಗಕ್ಕೆಂದು ಕಾರು ಕೇಳಿದವನ ಟ್ರಕ್ಕು ಬರುವುದಿತ್ತು.

ತಕರಾರು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ತೆಳು ತಗಡಿನದೆಂದು ಅವನಿಗೆ ಗುಮಾನಿ. ಅದರ ತೂತು ಇದ್ದಲ್ಲೇ ಸ್ಟಾರ್ಟರ್ ಕೂರಬೇಕು. ಅಂಥ ಎರಡು ತಗಡು ತರಿಸಿದ್ದ. ನೋಡಲು ಒಂದೇ, ತೂತು ಮಾತ್ರ ಅರ್ಧ ಬೆರಳು ಆಚೀಚೆ. ಸ್ಟಾರ್ಟರ್ ತಿರುಗಿಸುವ ಹಲ್ಲಿನ ಚಕ್ರ ಚಿಕ್ಕದಾದರೆ ಒಂದು, ದೊಡ್ಡದಾದರೆ ಇನ್ನೊಂದು. ತರಕಾರಿಗೂ ಸ್ಪ್ರೆಡ್‌ಶೀಟ್ ಮಾಡುವ ಆಸಾಮಿ, ಇಂಟರ್ನೆಟ್ಟೆಲ್ಲ ಜಾಲಾಡಿ, ಕಾರಿನ ಇಸವಿ ನೋಡಿ ಒಂದನ್ನು ಆರಿಸಿದ್ದ. ಬದಲಿಸಬೇಕೆಂದರೆ ಗೇರ್‌ಬಾಕ್ಸ್ ಇಳಿಸಬೇಕು, ಇಡೀ ದಿನದ ಕೆಲಸ. ಇಂದು ಶನಿವಾರ.

ಒಳಬಾಗಿಲಲ್ಲಿ ಅತ್ತೆ ಶಿವಕ್ಕ ನಿಂತಿದ್ದರು. ಧಾರವಾಡದವರು. ಮೂವತ್ತು ವರ್ಷದಿಂದ ಅಳಿಯನೆದುರು ತಲೆ ಮೇಲಿನ ಸೆರಗು ಜಾರಗೊಟ್ಟವರಲ್ಲ. ಮಾತಾಡಿದರೂ ಗೋಡೆಯ ಕಡೆ ಮುಖ ಮಾಡಿಯೇ.

"ಒಳಗಿನ ಚಕ್ರಕ್ಕ ಹಲ್ಲ ಎಷ್ಟ ಅದಾವ್ರಿ?" ಎಂದು ಗೋಡೆಯನ್ನು ಕೇಳಿದರು.

"ನೂರೈವತ್ತೇಳು, ಅತ್ತೆ. ಆ ವರ್ಷದ ಗಾಡಿಗೆ ಅಷ್ಟೇ ಇರೋದು."

"ಎಣಿಸೀರೇನು?"

ಆರು ವರ್ಷದಲ್ಲಿ ಬದರಿ ಅದೊಂದನ್ನು ಮಾಡಿರಲಿಲ್ಲ.

"ನಮ್ಮ ಎಣ್ಣಿ ಗಿರಣ್ಯಾಗ ಯಂತ್ರ ಹಿಂಗ ಚೀರಿದ್ರ ನಾ ಮೊದಲ ಹಲ್ಲ ಎಣಸ್ತಿದ್ದೆ. ಹಳೀ ಗಾಡಿ, ಯಾರು ಯಾವ ಚಕ್ರ ಹಾಕ್ಯಾರೋ ಏನೋ."

ಬದರಿ ಸ್ಟಾರ್ಟರ್ ಬಿಚ್ಚಿದ, ಚಕ್ರದ ಹಲ್ಲು ಕಂಡವು. ಆದರೆ ಮುಂದುಗಡೆಯಿಂದ ಸ್ಪ್ಯಾನರಿನಲ್ಲಿ ಎಂಜಿನ್ ತಿರುವುವವರು ಒಬ್ಬರು, ಅಡಿಯಲ್ಲಿ ಮಲಗಿ ಎಣಿಸುವವರು ಇನ್ನೊಬ್ಬರು ಬೇಕು. ನಂದಿತಾ ಸಾಮಾನು ಸಾಗಿಸಲು ಮಗಳ ಮನೆಗೆ ಹೋಗಿದ್ದಳು.

"ನೀವು ತಿರುವ್ರಿ," ಎಂದರು ಶಿವಕ್ಕ. ತಲೆಯ ಸೆರಗು ಎಳೆದು ಸೊಂಟಕ್ಕೆ ಬಿಗಿದು, ಗಾಲಿಯ ಹಲಗೆಯ ಮೇಲೆ ಅಂಗಾತ ಮಲಗಿ, ಸರ್ರನೆ ಕಾರಿನಡಿಗೆ ಸರಿದುಬಿಟ್ಟರು. ಎಪ್ಪತ್ತೆರಡು ವರ್ಷ!

"ಅಯ್ಯಯ್ಯೋ, ಬೇಡಿ ಅತ್ತೆ!"

"ಸೀಮೆಸುಣ್ಣ ಕೊಡ್ರಿ, ಮೊದಲ್ನೇ ಹಲ್ಲಿಗೆ ಗೆರಿ ಎಳೀತೀನಿ. ಹೂಂ, ಒಂದ..."

ಬದರಿ ತಿರುವುತ್ತ ಹೋದ. ನೂರು ದಾಟಿತು. ನೂರೈವತ್ತಾಯಿತು. ಐವತ್ತೇಳಕ್ಕೆ ಕೈ ತಾನಾಗಿ ನಿಂತಿತು.

"ಯಾಕ ನಿಲ್ಲಿಸಿದ್ರಿ? ಗೆರಿ ಇನ್ನೂ ಬಂದಿಲ್ಲ."

ಬದರಿ ಮತ್ತೆ ತಿರುವಿದ.

"ನೂರಾ ಅರವತ್ನಾಕು. ಗೆರಿ ಬಂತ್ರಿ."

ಹಾಗಾದರೆ ಚಕ್ರ ದೊಡ್ಡದು, ಹಾಕಿದ್ದು ತಪ್ಪು ತಗಡು. ಎಂಥ ಹೆಂಗಸಪ್ಪಾ ಇವರು! ಮೂವತ್ತು ವರ್ಷ ಇವರ ಕೈಯ ರೊಟ್ಟಿ ತಿಂದೆನೇ ಹೊರತು ಇವರನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ಬದರಿಗೆ ನಾಚಿಕೆಯಾಯಿತು.

ಭಾನುವಾರ ಮೂರು ಗಂಟೆಗೆ ಇನ್ನೊಂದು ತಗಡು ಒಳಗೆ ಕೂತು, ಗೇರ್‌ಬಾಕ್ಸ್ ಮೇಲೇರಿ, ಬೋಲ್ಟುಗಳೆಲ್ಲ ಬಿಗಿಯಾದವು. ಬದರಿ ಕೀಲಿ ತಿರುವಿದ. ಕಿರುಚಲಿಲ್ಲ. ಎಂಜಿನ್ ಒಮ್ಮೆ ಕೆಮ್ಮಿ, ಗಡಗಡನೆ ಎದ್ದುಕೊಂಡಿತು. ಕಿಟಕಿಯ ಗಾಜು ನಡುಗಿತು. ಹೊರಗೆ ನಂದಿತಾ, "ಅಯ್ಯ, ಓಡ್ತದ!" ಎಂದು ಕೂಗಿದಳು.

ಶಿವಕ್ಕ ಕಣ್ಣು ಮುಚ್ಚಿ, ನಡುಗುವ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತಿದ್ದರು. ಬದರಿ ಗೇರಿನ ಮೇಲೆ ಕೈಯಿಟ್ಟು, ಅವರಾಗಿಯೇ ಕೈ ತೆಗೆಯುವವರೆಗೆ ಕಾದ.