ಜೂನ್ ಒಂದರ ಮಕ್ಕಳು

ದೇವಿಂದ್ರಪ್ಪ ಮಾಸ್ತರರು ಒಂದೇ ದಿನದಲ್ಲಿ ನಾಲ್ಕು ಸಾವಿರದ ಇನ್ನೂರ ಹನ್ನೊಂದು ಮಕ್ಕಳನ್ನು ಹೆತ್ತರು. ಅದೂ ನಿಂತ ಕಾಲಲ್ಲಿ, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು. ಗಂಡಸು ಹೆರುವುದುಂಟೇ ಎಂದು ಕಿಸಕ್ಕೆನ್ನುವವರು ಚಿತ್ತಾಪುರ ಸೀಮೆಯಲ್ಲಿ ಅವರು ದುಡಿದ ಯಾವ ಶಾಲೆಗಾದರೂ ಹೋಗಿ ದಾಖಲಾತಿ ಪುಸ್ತಕ ತೆರೆದು ನೋಡಲಿ. ಹುಟ್ಟಿದ ತಾರೀಖು, ಜೂನ್ ಒಂದು. ಕೆಳಗಿನ ಸಾಲಿನ ಹುಡುಗನದೂ ಜೂನ್ ಒಂದು. ಪುಟ ತಿರುವಿದರೆ ಅಲ್ಲಿಯೂ ಅದೇ. ತಾಯಂದಿರು ಮಳೆಯಲ್ಲಿ ಹೆತ್ತಿರಲಿ, ಸುಗ್ಗಿಯಲ್ಲಿ ಹೆತ್ತಿರಲಿ, ಸರಕಾರದ ಕಣ್ಣಿಗೆ ಮಗು ಕಾಣಿಸುವುದು ಮಾಸ್ತರರ ಪೆನ್ನಿನ ತುದಿಯಿಂದ ಹೊರಬಿದ್ದ ಮೇಲೆಯೇ.

ವಯಸ್ಸು ನೋಡುವ ವಿದ್ಯೆಯೂ ಅವರಿಗೆ ಸಿದ್ಧಿಸಿತ್ತು. ಮಗು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿತೋ, ಆರು ವರ್ಷ ತುಂಬಿತು. ಮುಟ್ಟಲಿಲ್ಲವೋ, ಕಿವಿಯನ್ನೇ ತುಸು ಮೇಲೆ ಎಳೆದರೆ ತುಂಬುತ್ತದೆ. ಹೀಗೆ ಕಿವಿ ಎಳೆಸಿಕೊಂಡು ಆರು ತುಂಬಿಸಿಕೊಂಡವರಲ್ಲಿ ಇಬ್ಬರು ಕಲೆಕ್ಟರರಾದರು, ಮೂವರು ಎಂಜಿನಿಯರರಾದರು. ಹೆಸರು ಕೇಳಬೇಡಿ, ದೊಡ್ಡವರು ಬೇಜಾರಾಗುತ್ತಾರೆ.

ತೊಂಬತ್ತೊಂದರಲ್ಲಿ ಅವರ ಶಾಲೆಯ ಪಟ್ಟಿ ಮೂವತ್ತೊಂಬತ್ತಕ್ಕೆ ನಿಂತಿತು. ನಲವತ್ತಾಗದಿದ್ದರೆ ಎರಡನೇ ಮಾಸ್ತರರ ಹುದ್ದೆ ಹೋಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ಅಧಿಕಾರಿಗಳ ಕಾಲು ಹಿಡಿಯುತ್ತಿದ್ದರು. ನಮ್ಮ ಮಾಸ್ತರರು ಮನೆಗೆ ಹೋದರು, ಒಳಗೆ ರೊಟ್ಟಿಯ ಚೂರು ಹಿಡಿದು ಆಡುತ್ತಿದ್ದ ಮಗಳು ಶಿವರಂಜನಿಯನ್ನು ಎತ್ತಿಕೊಂಡು ಬಂದರು, ನಲವತ್ತನೇ ಸಾಲಿನಲ್ಲಿ ಕೂರಿಸಿದರು. ಹುಟ್ಟಿದ್ದು ಜೂನ್ ಒಂದು, ಎಂಬತ್ತೈದು. ಹುದ್ದೆ ಉಳಿಯಿತು.

ಅವಳು ನಿಜಕ್ಕೂ ಹುಟ್ಟಿದ ದಿನವನ್ನು ಮಾಸ್ತರರು ಮರೆತಿದ್ದಾರೆಂದು ಯಾರೂ ತಿಳಿಯಬಾರದು. ಎಂಬತ್ತಾರರ ಅಕ್ಟೋಬರ್ ಒಂಬತ್ತು, ನಾಲವಾರದ ಮಾವನ ಮನೆ. ಅಂದು ಬಿದ್ದ ಗುಡುಗಿಗೆ ಭೀಮಾ ನದಿಯ ಮೀನುಗಳು ದಡಕ್ಕೆ ಹಾರಿದವು. ಸೂಲಗಿತ್ತಿ ಸಾಬಮ್ಮ ಕಿವಿ ಮುಚ್ಚಿಕೊಂಡು ಕೂತಳು. ಮಾಸ್ತರರೇ ಒಳಗೆ ನುಗ್ಗಿ ಹೊಕ್ಕುಳಬಳ್ಳಿ ಕೊಯ್ದರು, ರೈಲು ನಿಲ್ದಾಣಕ್ಕೆ ಓಡಿ ಗಡಿಯಾರ ನೋಡಿ ಬಂದರು. ನಾಲ್ಕು ಗಂಟೆ ಹದಿನೇಳು ನಿಮಿಷ. ಪ್ರತಿ ವರ್ಷ ಆ ದಿನ ಮನೆಯಲ್ಲಿ ಹೋಳಿಗೆ ಆಗುತ್ತಿತ್ತು, ಮಾಸ್ತರರು ಈ ಕಥೆ ಹೇಳುತ್ತಿದ್ದರು. ಹೆಂಡತಿ ಚಂದಮ್ಮ ಮಾತಾಡದೆ ತುಪ್ಪ ಬಡಿಸುತ್ತಿದ್ದಳು. ಅವಳು ತೀರಿಕೊಂಡು ಆರು ವರ್ಷವಾಯಿತು.

ಶಿವರಂಜನಿ ಈಗ ಶಹಾಬಾದದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಹದಿನಾಲ್ಕು ವರ್ಷದಿಂದ. ಹದಿನಾಲ್ಕು ವರ್ಷ ಎನ್ನುವುದು ಅವಳ ಲೆಕ್ಕ. ಆಡಳಿತ ಮಂಡಳಿ ಪ್ರತಿ ಏಪ್ರಿಲ್‌ನಲ್ಲಿ ಕೆಲಸದಿಂದ ತೆಗೆದು ಜೂನ್‌ನಲ್ಲಿ ಹೊಸಬಳೆಂದು ಸೇರಿಸಿಕೊಳ್ಳುತ್ತದೆ, ಹಾಗಾಗಿ ಅವರ ಪ್ರಕಾರ ಅವಳು ಸದಾ ಹತ್ತು ತಿಂಗಳ ಕೂಸು. ಬಿಟ್ಟು ಹೋಗದಿರಲೆಂದು ಮೂಲ ಅಂಕಪಟ್ಟಿಗಳನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಬ್ಯಾಂಕಿಗೆ ತೋರಿಸಬೇಕೆಂದು ಸುಳ್ಳು ಹೇಳಿ ಅವನ್ನು ಹೊರಗೆ ತರಲು ಅವಳಿಗೆ ಒಂದು ವರ್ಷ ಹಿಡಿಯಿತು.

ಹೊರಗೆ ತಂದದ್ದು ಆಸ್ಟ್ರೇಲಿಯಕ್ಕೆ ಅರ್ಜಿ ಹಾಕಲು. ಅಲ್ಲಿ ಟೀಚರುಗಳು ಬೇಕಾಗಿದ್ದಾರೆ, ಆದರೆ ತೂಗಿ ತೆಗೆದುಕೊಳ್ಳುತ್ತಾರೆ. ವಯಸ್ಸಿಗೆ ಇಷ್ಟು ಪಾಯಿಂಟು, ಓದಿಗೆ ಇಷ್ಟು, ಅನುಭವಕ್ಕೆ ಇಷ್ಟು, ಇಂಗ್ಲಿಷಿಗೆ ಇಷ್ಟು. ಭಾನುವಾರಗಳಂದು ವಾಡಿಯ ಅಪ್ಪನ ಮನೆಯಲ್ಲಿ ಅವಳ ಜೊತೆ ಇನ್ನಿಬ್ಬರು ಕೂತು ಇಂಗ್ಲಿಷ್ ಮಾತಾಡಿ ರೂಢಿ ಮಾಡಿಕೊಳ್ಳುತ್ತಿದ್ದರು. ನಾಲವಾರದಿಂದ ವಿಜ್ಞಾನದ ಟೀಚರು ಲುಂಬಿನಿ, ಚಿಂಚೋಳಿಯಿಂದ ಸಮಾಜ ವಿಜ್ಞಾನದ ಟೀಚರು ಸುರೇಶಕುಮಾರ. ಅವನು ಬಸ್ಸಿನಲ್ಲಿ ಸೇಡಂಗೆ ಬಂದು ಅಲ್ಲಿಂದ ರೈಲು ಹಿಡಿಯಬೇಕು. ವಾಡಿ ಜಂಕ್ಷನ್ನು, ಎಲ್ಲ ಕಡೆಯ ರೈಲೂ ಬರುತ್ತದೆ. ಬಿಸಿಲು ಹೇಗೆಂದರೆ, ಅಲ್ಲಿ ಕಾಗೆಗಳೂ ಪ್ಲಾಟ್‌ಫಾರ್ಮ್ ಟಿಕೆಟು ತೆಗೆದು ನೆರಳಿಗೆ ಕೂರುತ್ತವೆ.

ಜನವರಿಯ ಒಂದು ಭಾನುವಾರ ಶಿವರಂಜನಿ ತನ್ನ ಪಾಯಿಂಟು ಕೂಡಿಸಿದಳು.

‘ಓದಿಗಿ ಹದಿನೈದು, ಅನುಭವಕ್ಕ ಹದಿನೈದು, ಇಂಗ್ಲಿಷಿಗಿ ಇಪ್ಪತ್ತು. ಗಂಡ ಇಲ್ಲದ್ದಕ್ಕ ಹತ್ತು.’

‘ಏನಂದಿ?’ ಲುಂಬಿನಿ ಬಾಯಿ ತೆರೆದಳು. ‘ಗಂಡ ಇಲ್ಲದ್ದಕ್ಕೂ ಕೊಡ್ತಾರಾ?’

‘ಇಪ್ಪತ್ತು ವರ್ಷ ಆತು, ಊರು ಇದೊಂದಕ್ಕ ನನ್ನ ಮಾರ್ಕ್ಸ್ ಕಡಿಲಿಕತ್ತದ. ಅವರರೆ ಕೊಡ್ಲಿ ತಗೋ.’

‘ನನ್ನ ಗಂಡ ಬರೇ ಕುಂತು ಉಣ್ಣಾಕತ್ಯಾನ ಅಂದಿದ್ದೆ. ಹತ್ತು ಪಾಯಿಂಟೂ ತಿಂದ್ನಲ್ಲ ಮಾರಾಯ್ತಿ!’

‘ವಯಸ್ಸಿಗಿ ಇಪ್ಪತ್ತೈದು. ಒಟ್ಟು ಎಂಬತ್ತೈದು. ಅದಕ್ಕಿಂತ ಕಡಿಮಿ ಇದ್ರ ಸುಳಿಬ್ಯಾಡ ಅಂದಾನ ಹೈದರಾಬಾದಿನ ಏಜೆಂಟ.’

ಸುರೇಶಕುಮಾರ ಹಾಳೆಯನ್ನು ಎಳೆದುಕೊಂಡು ನೋಡಿದ. ‘ಮೇಡಂ, ನಿಮ್ಮ ಹುಟ್ಟಿದ ತಾರೀಖು ಜೂನ್ ಒಂದು. ನಂದೂ ಅದೇ.’

‘ನಂದೂ,’ ಎಂದಳು ಲುಂಬಿನಿ. ‘ಮೂರೂ ಮಂದಿ ಅವಳಿಜವಳಿ ಅಂತ ಬರದ್ರ ಪಾಯಿಂಟು ಕೊಡ್ತಾರೇನು ನೋಡ್ರಿ!’

ಮೂವರೂ ನಕ್ಕರು. ಮೊದಲು ನಗು ನಿಂತದ್ದು ಶಿವರಂಜನಿಯದು. ಬರುವ ಜೂನ್ ಒಂದಕ್ಕೆ ಕಾಗದದ ಮೇಲೆ ಅವಳಿಗೆ ನಲವತ್ತು ತುಂಬುತ್ತದೆ, ಅರ್ಜಿಯ ಸರದಿ ಬರುವುದು ಅದಾದ ಮೇಲೆ. ನಲವತ್ತು ತುಂಬಿದ ದಿನ ವಯಸ್ಸಿನ ಇಪ್ಪತ್ತೈದು ಪಾಯಿಂಟು ಹದಿನೈದಾಗುತ್ತದೆ. ಎಂಬತ್ತೈದು ಎಪ್ಪತ್ತೈದಾಗುತ್ತದೆ. ಕಪಾಟಿನ ಬೀಗ ಮತ್ತೆ ಬಿದ್ದ ಹಾಗೆ.

‘ಅಪ್ಪಾ,’ ಎಂದಳು. ‘ನಾ ಖರೆ ಹುಟ್ಟಿದ್ದು ಎಂಬತ್ತಾರರಾಗಲ್ಲ? ಹದಿನಾರು ತಿಂಗಳು ಉಳೀತಾವ.’

ಚಿತ್ತಾಪುರದ ವಕೀಲ ನಾಗೇಂದ್ರಪ್ಪನಿಗೆ ಫೋನು ಹೋಯಿತು. ಹೆರಿಗೆ ಮನೆಯಲ್ಲಾದದ್ದರಿಂದ ಪಂಚಾಯಿತಿಯಲ್ಲಿ ದಾಖಲೆ ಇರಲಿಲ್ಲ. ‘ತಪ್ಪು ಬರದವರು ಯಾರೋ ಅವರೇ ಕೋರ್ಟಿಗಿ ಪ್ರಮಾಣಪತ್ರ ಮಾಡಿ ಕೊಡ್ಬೇಕ್ರಿ,’ ಎಂದ ವಕೀಲ. ‘ಖರೆ ತಾರೀಖು ಯಾವುದು, ಅದು ನಿಮಗ ಹ್ಯಾಂಗ ಗೊತ್ತು, ಆವಾಗ ನೀವು ಎಲ್ಲಿದ್ರಿ, ಎಲ್ಲಾ ಬರೀಬೇಕು. ಕೋರ್ಟಿನ ಬ್ಯಾಸಗಿ ಸೂಟಿಗಿಂತ ಮೊದ್ಲ ಹಾಕ್ರಿ. ತಡ ಮಾಡಬ್ಯಾಡ್ರಿ.’

‘ನೀ ಚಿಂತಿ ಬಿಡು ಶಿವೀ,’ ಮಾಸ್ತರರು ಎದೆಯ ಮೇಲಿನ ಲಿಂಗವಸ್ತ್ರವನ್ನು ತಟ್ಟಿಕೊಂಡರು. ‘ನಾಲ್ಕು ಸಾವಿರ ತಾರೀಖು ಕೊಟ್ಟಾವ ನಾ. ಒಂದು ತಿದ್ದಲಿಕ್ಕ ಆಗಲ್ಲಂದ್ರ?’

ಅಂದಿನಿಂದ ಪ್ರತಿ ಮಂಗಳವಾರ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಚೀಲದಲ್ಲಿ ಕಾಗದ ಇಟ್ಟುಕೊಂಡು ಚಿತ್ತಾಪುರದ ರೈಲಿಗೆ ಹೊರಟರು. ಸಂಜೆ ಬಂದು ವರದಿ ಕೊಟ್ಟರು. ಕೋರ್ಟಿನಲ್ಲಿ ಅವರನ್ನು ಕಂಡದ್ದೇ ಜಡ್ಜರು ಕುರ್ಚಿ ಬಿಟ್ಟು ಎದ್ದು ನಿಂತರು. ಗುಮಾಸ್ತ ಇವರ ಹಳೆಯ ವಿದ್ಯಾರ್ಥಿ, ಕಡತವನ್ನು ತಲೆಯ ಮೇಲೆ ಹೊತ್ತು ಓಡಿದ. ಮಾರ್ಚ್‌ನಲ್ಲಿ ಕೇಸು ದಾಖಲಾಯಿತು. ಏಪ್ರಿಲ್‌ನಲ್ಲಿ ಸಾಕ್ಷಿ ಮುಗಿಯಿತು. ಮೇ ತಿಂಗಳಲ್ಲಿ ತೀರ್ಪು ಟೈಪಾಗುತ್ತಿತ್ತು, ಶಾಯಿ ಒಣಗುವುದೊಂದು ಬಾಕಿ.

ಶಿವರಂಜನಿ ನಂಬಿದಳು. ಏಪ್ರಿಲ್‌ನಲ್ಲಿ ಶಾಲೆಯವರು ಎಂದಿನಂತೆ ತೆಗೆದುಹಾಕಿದಾಗ ಮರುನೇಮಕದ ಅರ್ಜಿಯನ್ನು ಅವಳು ಕೊಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ಮೇ ಇಪ್ಪತ್ತೈದು, ಭಾನುವಾರ. ಇನ್ನೊಂದು ವಾರಕ್ಕೆ ಜೂನ್ ಒಂದು. ಮೂವರೂ ಎಂದಿನಂತೆ ಕೂತಿದ್ದರು. ಸುರೇಶಕುಮಾರ ಎಂದೂ ನೋಡದ ಸಮುದ್ರವನ್ನು ಇಂಗ್ಲಿಷಿನಲ್ಲಿ ಬಣ್ಣಿಸುತ್ತ ಅದರ ದಂಡೆಗೆ ಜೋಳದ ಹೊಲ ತಂದು ನಿಲ್ಲಿಸಿದ್ದ. ಮಾಸ್ತರರು ಕಟ್ಟೆಯ ಮೇಲೆ ಕೂತು, ಹೋದ ಮಂಗಳವಾರ ಜಡ್ಜರು ತಮಗೆ ಚಹಾ ತರಿಸಿದ ಸಂಗತಿ ಹೇಳುತ್ತಿದ್ದರು. ಕಪ್ಪು ಬೆಳ್ಳಿಯದಾಗಿತ್ತು.

‘ಹೋದ ಮಂಗಳವಾರ ಏನ್ರಿ ಸರ್?’ ಸುರೇಶಕುಮಾರ ಸಮುದ್ರ ಬಿಟ್ಟು ಕೇಳಿದ. ‘ಈ ತಿಂಗಳು ಕೋರ್ಟಿಗಿ ಸೂಟಿ, ಬಾಗಲಾ ಮುಚ್ಯಾದಲ್ರಿ. ನಮ್ಮ ಹೊಲದ ಕೇಸು ಜೂನಿಗಿ ಹೋಗ್ಯಾದ.’

‘ನನ್ನ ಸಲುವಾಗಿ ತೆಗಿಸ್ಯಾರ.’

‘ಹಂಗಾದ್ರ ನಾ ನೋಡಿದ್ದು ಯಾರಿಗ್ರಿ ಸರ್?’ ಲುಂಬಿನಿ ನಗುನಗುತ್ತಲೇ ಅಂದಳು. ‘ಮಂಗಳವಾರ ನಮ್ಮ ನಾಲವಾರ ಸ್ಟೇಷನ್ನಿನಾಗ ಇಳದ್ರಲ್ಲ? ಸರ್ ಅಂತ ಒದರಿದೆ. ನೀವು ಸರಸರ ಹೋಗಿಬಿಟ್ರಿ.’

ಹೇಳಿದ ಮೇಲೆ ಅವಳಿಗೆ ತಾನು ಏನು ಹೇಳಿದೆನೆಂದು ತಿಳಿಯಿತು. ಚಿತ್ತಾಪುರ ವಾಡಿಯಿಂದ ಒಂದು ದಿಕ್ಕು, ನಾಲವಾರ ಇನ್ನೊಂದು. ಒಂದೇ ರೈಲು ಎರಡೂ ಕಡೆ ಹೋಗುವುದಿಲ್ಲ.

ಶಿವರಂಜನಿ ಎದ್ದು ಗೂಟಕ್ಕೆ ನೇತುಹಾಕಿದ್ದ ಕೈಚೀಲ ತೆರೆದಳು. ವಕೀಲ ಜನವರಿಯಲ್ಲಿ ಕೊಟ್ಟ ಪ್ರಮಾಣಪತ್ರದ ಕಾಗದ ಹಾಗೆಯೇ ಇತ್ತು. ಮಾಸ್ತರರ ಮುತ್ತಿನಂಥ ಅಕ್ಷರದಲ್ಲಿ ಹೆಸರು, ಊರು, ಉದ್ಯೋಗ. ಆಮೇಲೆ, ‘ನನ್ನ ಮಗಳು ಹುಟ್ಟಿದ ನಿಜವಾದ ತಾರೀಖು’ ಎಂಬಲ್ಲಿಗೆ ಪೆನ್ನು ನಿಂತಿತ್ತು. ಅಲ್ಲಿಂದ ಕೆಳಗೆಲ್ಲ ಖಾಲಿ.

‘ನಾವು ಬರ್ತೀವ್ರಿ,’ ಎಂದು ಲುಂಬಿನಿ ಚಪ್ಪಲಿ ಹುಡುಕಿದಳು. ಸುರೇಶಕುಮಾರ ಅವಳ ಹಿಂದೆಯೇ ಹೋದ.

ಇಲ್ಲಿಗೆ ಬಂದ ಮೇಲೆ ಕಥೆ ಹೇಳುವವರಿಗೂ ಮುಚ್ಚಿಡಲು ಏನೂ ಉಳಿಯುವುದಿಲ್ಲ. ಜಡ್ಜರು ಎದ್ದು ನಿಂತದ್ದು ಸುಳ್ಳು, ಗುಮಾಸ್ತ ಓಡಿದ್ದು ಸುಳ್ಳು, ಚಹಾ ಸುಳ್ಳು. ಕೇಸು ದಾಖಲಾಗಿಯೇ ಇಲ್ಲ.

‘ಯಾಕಪ್ಪಾ?’ ಶಿವರಂಜನಿ ಕೂಗಲಿಲ್ಲ. ‘ಅಕ್ಟೋಬರ್ ಒಂಬತ್ತು ಅಂತ ಬರೀಲಿಕ್ಕ ನಾಲ್ಕು ತಿಂಗಳು ಬೇಕಾ? ವರ್ಷಾ ಹೋಳಿಗಿ ಮುಂದ ಕುಂತು ಹೇಳಿದ್ದಲ್ಲ? ಗುಡುಗು, ಮೀನ, ನಾಲ್ಕು ಹದಿನೇಳು?’

‘ಪ್ರಮಾಣ ಮಾಡಿ ಬರೀಬೇಕಲ್ಲವ್ವಾ. ಲಿಂಗ ಮುಟ್ಟಿ ಹ್ಯಾಂಗ ಬರೀಲಿ?’

‘ಖರೆ ಇದ್ದದ್ದು ಬರೀಲಿಕ್ಕ ಏನಾಗಿತ್ತು?’

ಮಾಸ್ತರರ ಬಾಯಿಗೆ ಎಂಥ ಹೊತ್ತಿನಲ್ಲೂ ಒಂದು ಮಾತು ಬರುತ್ತಿತ್ತು. ಅಂದು ಅವರು ಕಾದರು. ಬರಲಿಲ್ಲ.

‘ಸಾಬಮ್ಮನ ಹತ್ರ ಹೋಗ್ತಿದ್ದೆ,’ ಎಂದರು ಕೊನೆಗೆ. ‘ನಾಲವಾರಕ್ಕ. ಅಕಿಗರೆ ನೆನಪದೇನು ಕೇಳಲಿಕ್ಕ. ತೊಂಬತ್ತು ದಾಟ್ಯಾಳ ಮುದುಕಿ. ಒಂದು ವಾರ ನಾಗರ ಪಂಚಮಿ ಅಂತಾಳ, ಒಂದು ವಾರ ಯಳ್ಳಮವಾಸಿ ಅಂತಾಳ. ಒಮ್ಮಿ ಹೇಳಿದ್ದು ಹಿಡದ್ರ ನೀ ಕಾಗದಕ್ಕಿಂತ ದೊಡ್ಡಾಕಿ ಆಗ್ತಿದ್ದಿ.’

‘ಅಕಿಗಿ ಯಾಕ ಕೇಳಬೇಕು? ಬಳ್ಳಿ ಕೊಯ್ದಾವ ನೀನೇ ಅಲ್ಲ?’

‘ನಾ ಅಲ್ಲಿ ಇರಲಿಲ್ಲ, ಶಿವೀ.’

ಹೊರಗೆ ಗೂಡ್ಸ್ ರೈಲೊಂದು ಹಾಯತೊಡಗಿತು. ಸಿಮೆಂಟಿನ ಡಬ್ಬಿಗಳು, ಮುಗಿಯುವಂತೆಯೇ ಇರಲಿಲ್ಲ. ಮಾಸ್ತರರು ಅದು ಹೋಗಲೆಂದು ಕಾಯಲಿಲ್ಲ. ಆ ಸದ್ದಿನಲ್ಲೇ ಹೇಳಿದರು. ಮಗಳು ಹತ್ತಿರ ಬಾಗಿ ಕೇಳಬೇಕಾಯಿತು.

‘ಗುಲ್ಬರ್ಗಾದಾಗ ಟ್ರೇನಿಂಗಿನಾಗ ಇದ್ದೆ. ನಾಲವಾರದಿಂದ ನಿಮ್ಮ ಮುತ್ಯಾನ ಕಾರ್ಡು ಬಂತು. ಹೆಣ್ಣು ಕೂಸು, ತಾಯಿ ಮಗಳು ಆರಾಮ ಅದಾರ, ಬಂದು ನೋಡಿ ಹೋಗು ಅಂತ. ತಾಸಿನ ದಾರಿ. ನಾ ಬರಲಿಲ್ಲ.’

‘ಯಾಕ?’

‘ಹೆಣ್ಣು ಅಂತ.’

ಅವಳು ಕಟ್ಟೆಯ ಮೇಲೆ ಅವರ ಪಕ್ಕ ಕೂತಳು.

‘ಕಾರ್ಡು ಹರದು ಒಗದೆ. ಹುಟ್ಟಿದ ತಾರೀಖು, ಯಾಳ್ಯಾ, ಎಲ್ಲಾ ಅದರಾಗೇ ಬರದಿದ್ದ ನಿಮ್ಮ ಮುತ್ಯಾ. ಆಮ್ಯಾಲ ನಿಮ್ಮವ್ವಗ ಕೇಳಲಿಕ್ಕ ಮಾರಿ ಇರಲಿಲ್ಲ. ಆವಾಗ ನೀವು ಎಲ್ಲಿದ್ರಿ ಅಂತ ಬರೀಬೇಕಂದ್ನಲ್ಲ ವಕೀಲ. ಏನಂತ ಬರೀಲಿ?’

ಕೈಯಲ್ಲಿದ್ದ ಕಾಗದವನ್ನು ಶಿವರಂಜನಿ ಅದರ ಹಳೆಯ ಮಡಿಕೆಗಳಲ್ಲೇ ಮಡಚಿದಳು. ರೈಲು ಮುಗಿದಿತ್ತು.

‘ಮತ್ತ ಅಕ್ಟೋಬರ್ ಒಂಬತ್ತು?’

‘ದಸರಾ ಸೂಟಿ. ಅವತ್ತ ನಾ ನಿನ್ನ ಮೊದಲ್ನೇ ಸಲ ನೋಡಿದ್ದು. ನಿಮ್ಮವ್ವ ತಂದು ಕೈಯಾಗ ಕೊಟ್ಟಳು. ನೀ ನನ್ನ ಮಾರಿ ನೋಡಿ ನಕ್ಕಿ.’

ಗಣಿತದ ಟೀಚರು ಬೆರಳು ಮಡಚಿ ಲೆಕ್ಕ ಹಾಕಿದಳು.

‘ನಗಬೇಕಂದ್ರ ಕೂಸಿಗಿ ಎರಡು ಮೂರು ತಿಂಗಳರೆ ಆಗಿರಬೇಕು, ಅಪ್ಪಾ.’

‘ಆಗಿರಬೇಕವ್ವಾ,’ ಎಂದರು ದೇವಿಂದ್ರಪ್ಪ ಮಾಸ್ತರರು. ‘ನಾ ಕೇಳಲಿಲ್ಲ.’